ಉಸಿರಿನ ಕಾಲಂ

ಕಪಿಲಾ ನದಿಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮಕ್ಕೆ ಸೇರಿದ ಹದಿನಾಲ್ಕು ಮಂಚಗಳ ಆಸ್ಪತ್ರೆ. ಅಲ್ಲಿ ದೇವೀರಮ್ಮನವರು ಮೂವತ್ತೊಂದು ವರ್ಷಗಳಿಂದ ಹಿರಿಯ ನರ್ಸು.

ಗುರು ಅಂದ ಮೇಲೆ ಗಡ್ಡ, ಕಮಂಡಲ ಇರಲೇಬೇಕು ಅಂತ ಯಾರು ಹೇಳಿದರು? ಈ ಗುರುವಿನ ಬಳಿ ಇದ್ದದ್ದು ಬಿಳಿ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಕತ್ತರಿ, ಸೆಕೆಂಡಿನ ಮುಳ್ಳಿರುವ ಹಳೇ ಗಡಿಯಾರ, ಮತ್ತೆ ಮಂಡಿ ನೋವು.

ಪ್ರತಿ ವರ್ಷ ನರ್ಸಿಂಗ್ ಕಾಲೇಜಿನವರು ತಮ್ಮ ವಿದ್ಯಾರ್ಥಿಗಳನ್ನು ಆರು ವಾರದ ಅಭ್ಯಾಸಕ್ಕೆ ಅವರ ಬಳಿ ಕಳಿಸುತ್ತಿದ್ದರು. ಬಂದವರ ಕೈಯಲ್ಲಿ ಒಂದು ನೀಲಿ ಪುಸ್ತಕ. ಅದರಲ್ಲಿ ಕಲಿಯಬೇಕಾದ ನಲವತ್ತು ಕೆಲಸಗಳ ಪಟ್ಟಿ. ಒಂದೊಂದರ ಮುಂದೆಯೂ ದೇವೀರಮ್ಮನವರ ಸಹಿ ಬೀಳಬೇಕು. ಒಂದೇ ಒಂದು ಸಹಿ ಕಮ್ಮಿಯಾದರೂ ಪರೀಕ್ಷೆಗೆ ಕೂರುವ ಹಾಗಿಲ್ಲ. ಇನ್ನಾರು ತಿಂಗಳು ಕಾಯಬೇಕು.

ಆ ವರ್ಷ ಬಂದವನು ಶಿವಮಲ್ಲು. ಚುರುಕು ಹುಡುಗ. ಸೂಜಿ ಚುಚ್ಚಿದರೆ ರೋಗಿ ‘ಆಯ್ತಾ?’ ಅಂತ ಕೇಳಬೇಕು, ಅಂಥ ಕೈ.

ಕೊನೆಯ ದಿನ ಬೆಳಿಗ್ಗೆ ಪುಸ್ತಕ ಹಿಡಿದು ಗುರುವಿನ ಮುಂದೆ ನಿಂತ.

“ಮೇಡಂ, ಮೂವತ್ತೊಂಬತ್ತು ಆಗಿದೆ. ಒಂದು ಬಿಟ್ಟುಹೋಗಿದೆ.”

“ಬಿಟ್ಟುಹೋಗಿಲ್ಲ. ನಾನೇ ಬಿಟ್ಟಿದ್ದೀನಿ.”

ಶಿವಮಲ್ಲು ನೋಡಿದ. ಖಾಲಿ ಇದ್ದದ್ದು ‘ಉಸಿರು ಎಣಿಸುವುದು’.

“ಇದಾ? ಇದೇನು ಮಹಾ ಕೆಲಸ ಮೇಡಂ! ಮೊದಲನೇ ವಾರದಲ್ಲೇ ಕಲಿತೆ.”

“ಹೌದಾ? ಹಾಗಾದ್ರೆ ನಂದೇ ನೋಡು. ನಾಡಿ, ಉಸಿರು, ಎರಡೂ.” ಕೈ ಚಾಚಿ ಕುರ್ಚಿಯಲ್ಲಿ ಕೂತರು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ‘ಉಸಿರು ಎಣಿಸ್ತೀನಿ’ ಅಂತ ರೋಗಿಗೆ ಹೇಳುವ ಹಾಗಿಲ್ಲ. ಹೇಳಿದರೆ ಆ ಪುಣ್ಯಾತ್ಮ ಉಸಿರಾಡುವ ರೀತಿಯನ್ನೇ ಬದಲಾಯಿಸಿಬಿಡುತ್ತಾನೆ. ಅದಕ್ಕೇ ನಾಡಿ ನೋಡಿ ಮುಗಿದರೂ ಕೈ ಬಿಡಬಾರದು. ನಾಡಿ ನೋಡುತ್ತಿರುವ ಹಾಗೇ ನಟಿಸುತ್ತಾ, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಕಷ್ಟ ಏನೆಂದರೆ, ಎಣಿಸುತ್ತಿದ್ದಾನೋ ಮಧ್ಯಾಹ್ನದ ಊಟದ ಯೋಚನೆ ಮಾಡುತ್ತಿದ್ದಾನೋ, ನೋಡುವವರಿಗೆ ಗೊತ್ತಾಗುವುದಿಲ್ಲ.

ಶಿವಮಲ್ಲು ಅರ್ಧ ನಿಮಿಷ ಕೈ ಹಿಡಿದ. ಬಿಟ್ಟ. ಬರೆದ. ನಾಡಿ ಎಪ್ಪತ್ತಾರು. ಉಸಿರು ಇಪ್ಪತ್ತು.

ದೇವೀರಮ್ಮ ಬಾಯಿ ತೆರೆದು ‘ಹುಸ್ಸ್’ ಎಂದು ಗಾಳಿ ಬಿಟ್ಟರು. ಮುಖ ಕೆಂಪಾಗಿತ್ತು. ಸುಧಾರಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

“ನೀನು ಕೈ ಹಿಡಿದಾಗಿಂದ ಬಿಡೋವರೆಗೂ ಉಸಿರು ಬಿಗಿ ಹಿಡ್ಕೊಂಡು ಕೂತಿದ್ದೆ ಕಣಪ್ಪ. ಇಪ್ಪತ್ತು ಎಲ್ಲಿಂದ ಬಂತು?”

ಶಿವಮಲ್ಲು ತಾನು ಬರೆದ ಅಂಕಿಯನ್ನೇ ಇನ್ನೊಮ್ಮೆ ನೋಡಿದ.

“ಹೆಣಕ್ಕೂ ಇಪ್ಪತ್ತೇ ಬರೀತೀಯ ನೀನು.”

ಅವರು ಮೇಜಿನ ಮೇಲಿದ್ದ ಚಾರ್ಟುಗಳನ್ನು ಒಂದೊಂದಾಗಿ ಅವನ ಮುಂದೆ ಹರಡಿದರು. ಜ್ವರದ ಕಾಲಂನಲ್ಲಿ ಬೇರೆ ಬೇರೆ ಅಂಕಿ. ನಾಡಿಯ ಕಾಲಂನಲ್ಲಿ ಬೇರೆ ಬೇರೆ ಅಂಕಿ. ಉಸಿರಿನ ಕಾಲಂನಲ್ಲಿ ಮಾತ್ರ ಮೇಲಿಂದ ಕೆಳಗಿನವರೆಗೆ ಇಪ್ಪತ್ತು, ಇಪ್ಪತ್ತು, ಇಪ್ಪತ್ತು.

“ಹದಿನಾಲ್ಕು ಜನ, ಆರು ವಾರ, ಒಂದೇ ತಾಳಕ್ಕೆ ಉಸಿರಾಡ್ತಿದ್ದಾರೆ. ನಮ್ಮ ಆಶ್ರಮದ ಭಜನೆಯವರೂ ಇಷ್ಟು ಹೊಂದಿಕೆಯಾಗಿ ಹಾಡಲ್ಲ.”

“ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಮೇಡಂ?”

“ಸುಮ್ಮನಿದ್ನಾ? ಎಣಿಸಿದೆಯಾ ಅಂತ ಮೂರು ಸಲ ಕೇಳಿದೆ. ಮೂರು ಸಲವೂ ಎಣಿಸಿದೆ ಅಂದೆ.”

“ಮತ್ತೆ… ಆ ರೋಗಿಗಳು?”

“ನಿನ್ನ ಹಿಂದೆ ಹಿಂದೆ ನಾನೇ ಎಣಿಸ್ಕೊಂಡು ಬಂದೆ. ನಿನ್ನೆ ಸಂಜೆವರೆಗೂ. ಮಂಡಿ ಸುಮ್ಮನೆ ಹೋಯ್ತು ಅಂದ್ಕೊಂಡೆಯಾ?”

ಶಿವಮಲ್ಲು ತಲೆ ತಗ್ಗಿಸಿದ. “ಈಗ ಸಹಿ ಹಾಕಲ್ವಾ?”

“ನಾಲ್ಕು ಗಂಟೆಗೆ ತಾನೇ ನಿನ್ನ ಬಸ್ಸು? ಹೋಗು, ಹದಿನಾಲ್ಕು ಜನರದ್ದೂ ಎಣಿಸ್ಕೊಂಡು ಬಾ. ಆಮೇಲೆ ಮಾತು.”

ಅವನು ಮೊದಲನೇ ಮಂಚದಿಂದ ಶುರುಮಾಡಿದ. ಹದಿನಾರು. ಎರಡನೆಯದು ಇಪ್ಪತ್ತೆರಡು. ಮೂರನೆಯದು ಹದಿನೆಂಟು. ಅಯ್ಯೋ, ಒಬ್ಬರದ್ದಾದರೂ ಇಪ್ಪತ್ತು ಬರಬಾರದೇ! ಎಂಟು ಮಂಚ ದಾಟಿದ. ಒಬ್ಬರದ್ದೂ ಬರಲಿಲ್ಲ.

ಒಂಬತ್ತನೇ ಮಂಚದಲ್ಲಿ ಬುಟ್ಟಿ ಹೆಣೆಯುವ ಮರಿಸ್ವಾಮಿ. ಹರ್ನಿಯಾ ಆಪರೇಷನ್ ಆಗಿ ಮೂರು ದಿನ. ಡಾಕ್ಟರು ಮನೆಗೆ ಹೋಗಬಹುದು ಅಂದಿದ್ದರು. ಹೆಂಡತಿ ಕೆಂಪಮ್ಮ ಆಗಲೇ ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಹೇಗಿದ್ದೀರಾ ಸ್ವಾಮಣ್ಣ?”

“ಬೊಂಬಾಟು… ಕಣಪ್ಪ. ಮನೆಗೆ… ಹೊಂಟಿವ್ನಿ.”

ಶಿವಮಲ್ಲು ಕೈ ಹಿಡಿದ. ಕಣ್ಣು ಎದೆಯ ಮೇಲೆ ಇಟ್ಟ. ನಿಮಿಷ ಮುಗಿಯಿತು. ನಂಬಿಕೆಯಾಗದೆ ಇನ್ನೊಂದು ನಿಮಿಷ ಹಿಡಿದ.

ಕೆಂಪಮ್ಮ ನಕ್ಕಳು. “ಏನಪ್ಪ, ಕೈ ಬಿಡಾಕೆ ಮನಸಿಲ್ವಾ? ಹೆಣ್ಣು ನೋಡಾಕೆ ಬಂದೋನಂಗೆ ಹಿಡ್ಕೊಂಡು ಕೂತವ್ನೆ!”

ಮೂವತ್ತನಾಲ್ಕು. ಎರಡು ಸಲವೂ ಮೂವತ್ತನಾಲ್ಕು.

ಚಾರ್ಟಿನಲ್ಲಿ ಅದೇ ದಿನ ಬೆಳಿಗ್ಗೆ ಆರು ಗಂಟೆಗೆ ಅವನದೇ ಅಕ್ಷರ. ಇಪ್ಪತ್ತು.

ಓಡಿದ. ಡಾಕ್ಟರ್ ಫಣಿರಾಜ್ ಊಟಕ್ಕೆ ಏಳುವುದರಲ್ಲಿದ್ದರು. ಎದ್ದವರು ನೇರ ಒಂಬತ್ತನೇ ಮಂಚಕ್ಕೆ ಬಂದು ಮರಿಸ್ವಾಮಿಯ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಚಾರ್ಟು ನೋಡಿದರು. ಹುಬ್ಬು ಗಂಟಾಯಿತು.

“ಬೆಳಿಗ್ಗೆ ಇಪ್ಪತ್ತು, ಈಗ ಮೂವತ್ತನಾಲ್ಕು. ಇಷ್ಟು ಬೇಗ ಏರಿದ್ರೆ ರಕ್ತದ ಗಡ್ಡೆ ಶ್ವಾಸಕೋಶಕ್ಕೆ ಹೋಗಿರಬಹುದು. ಹಾಗಾಗಿದ್ರೆ ನಮ್ಮ ಕೈಲಿ ಆಗಲ್ಲ, ತಕ್ಷಣ ಮೈಸೂರಿಗೆ ಕಳಿಸಬೇಕು. ನಿಧಾನಕ್ಕೆ ಏರಿದ್ದಾದ್ರೆ ವಿಷಯ ಬೇರೆ. ಬೆಳಿಗ್ಗೆ ಇಪ್ಪತ್ತಿದ್ದದ್ದು ಖಂಡಿತಾನಾ?”

ಎಲ್ಲರೂ ಶಿವಮಲ್ಲುವನ್ನು ನೋಡಿದರು. ದೇವೀರಮ್ಮ ಬಾಗಿಲ ಬಳಿ ನಿಂತಿದ್ದರು. ಬೆಳಗಿನ ಸುತ್ತಿನಲ್ಲಿ ಮಾತ್ರ ಅವರು ಅವನ ಹಿಂದೆ ಬಂದಿರಲಿಲ್ಲ.

ಹೌದು ಅಂದರೆ ಯಾರೂ ಅಲ್ಲ ಅನ್ನುವ ಹಾಗಿರಲಿಲ್ಲ. ಸಹಿ ಸಿಗುತ್ತಿತ್ತು, ಬಸ್ಸೂ ಸಿಗುತ್ತಿತ್ತು.

“ಇಲ್ಲ ಸರ್,” ಅಂದ. “ಬೆಳಿಗ್ಗೆ ನಾನು ಎಣಿಸಲೇ ಇಲ್ಲ. ಸುಮ್ಮನೆ ಬರೆದೆ.”



“ಅಂದ್ರೆ… ನೆನ್ನೆನೂವಾ?” ಕೆಂಪಮ್ಮ ಕೇಳಿದಳು.

“ನೆನ್ನೆನೂ ಇಲ್ಲಮ್ಮ.”

ಆಗ ಮಂಚದ ಮೇಲಿಂದ ಮರಿಸ್ವಾಮಿಯ ದನಿ ಬಂತು.

“ಈ ಹೈದ ಹೇಳ್ಬುಟ್ಟ. ನಾನೂ ಹೇಳ್ಬುಡ್ತೀನಿ… ಡಾಕುಟ್ರೇ. ನೆನ್ನೆ ರಾತ್ರಿಂದ್ಲೂ… ವಸಿ ವಸಿ ದಮ್ಮು ಏರ್ತಾನೆ ಐತೆ. ಚಳಿನೂ ಬಂತು. ಹೇಳುದ್ರೆ… ಮನೆಗೆ ಕಳ್ಸಾಕಿಲ್ಲ ಅಂತ ಸುಮ್ಕಿದ್ದೆ.”

“ಲೇ ನಿನ್ನ!” ಕೆಂಪಮ್ಮ ಗಂಟನ್ನು ಕೆಳಗೆ ಕುಕ್ಕಿದಳು. “ಬೊಂಬಾಟು ಅಂತೆ ಬೊಂಬಾಟು!”

ಡಾಕ್ಟರಿಗೆ ಬೇಕಾದದ್ದು ಸಿಕ್ಕಿತು. ಎಕ್ಸ್‌ರೇ ತೆಗೆಸಿದರು. ಬಲಗಡೆ ಕೆಳಗೆ ನ್ಯುಮೋನಿಯಾ. ರಕ್ತದ ಗಡ್ಡೆಯ ಲಕ್ಷಣ ಇಲ್ಲ. ಬೇಕಾದ ಔಷಧಿ ಕಪಾಟಿನಲ್ಲೇ ಇತ್ತು. ಮೈಸೂರಿಗೆ ಹೋಗುವ ಮಾತೇ ಬರಲಿಲ್ಲ.

“ಇವತ್ತು ಮನೆಗೆ ಹೋಗಿದ್ರೆ ನಾಳೆ ಹೊತ್ತುಕೊಂಡು ಬರಬೇಕಾಗ್ತಿತ್ತು,” ಅಂದು ಡಾಕ್ಟರು ಊಟಕ್ಕೆ ಹೋದರು. ಹೋಗುವಾಗ ಶಿವಮಲ್ಲುವಿನ ಕಡೆ ಒಮ್ಮೆ ತಿರುಗಿ ನೋಡಿದರು.

ಮೂರು ಗಂಟೆಗೆ ಆಕ್ಸಿಜನ್ ಹಾಕಿಕೊಂಡ ಮರಿಸ್ವಾಮಿಯ ಉಸಿರು ಇಪ್ಪತ್ತೆಂಟಕ್ಕೆ ಇಳಿದಿತ್ತು. ಎಣಿಸಿದವನು ಶಿವಮಲ್ಲು. ಪೂರ್ತಿ ಒಂದು ನಿಮಿಷ.

“ನಿನ್ನ ಬೈಬೇಕು ಅಂತಿದ್ದೆ ಕಣಪ್ಪ,” ಅಂದಳು ಕೆಂಪಮ್ಮ. “ಮುಖ ಬಾಡೋಗೈತೆ. ಮೊದ್ಲು ಟೀ ಕುಡಿ, ಆಮೇಲೆ ಬೈತೀನಿ.”

ಉಳಿದ ಐದು ಮಂಚಗಳನ್ನೂ ಮುಗಿಸಿದ. ಆಮೇಲೆ ಕೆಂಪು ಪೆನ್ನು ತೆಗೆದುಕೊಂಡು ಚಾರ್ಟುಗಳ ಮುಂದೆ ಕೂತ. ತಾನು ಬರೆದ ಒಂದೊಂದು ಇಪ್ಪತ್ತರ ಮೇಲೂ ಒಂದು ಗೆರೆ ಎಳೆದ. ಪಕ್ಕದಲ್ಲಿ ‘ಎಣಿಸಿಲ್ಲ’ ಎಂದು ಬರೆದು ಕೆಳಗೆ ತನ್ನ ಹೆಸರು ಹಾಕಿದ. ಹಾಗೆ ಮಾಡು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಚೀಲ ಹೆಗಲಿಗೇರಿಸಿಕೊಂಡು ಹೊರಟ. ನದಿಯ ಮೆಟ್ಟಿಲ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

“ಏಯ್! ಪುಸ್ತಕ ಎಲ್ಲಿ?”

ದೇವೀರಮ್ಮ ಮಂಡಿ ಹಿಡಿದುಕೊಂಡು ಬರುತ್ತಿದ್ದರು.

“ಚೀಲದಲ್ಲಿದೆ ಮೇಡಂ. ಸಹಿ ಕೇಳೋ ಮುಖ ಇಲ್ಲ. ಆರು ತಿಂಗಳು ಕಾಯ್ತೀನಿ.”

“ಕೊಡು ಇಲ್ಲಿ.”

ಕೊಟ್ಟ. ಅವರು ಮೆಟ್ಟಿಲ ಕಟ್ಟೆಯ ಮೇಲೆ ಪುಸ್ತಕ ಬಿಡಿಸಿಟ್ಟು, ಖಾಲಿ ಜಾಗ ಹುಡುಕಿ, ದೊಡ್ಡದಾಗಿ ಸಹಿ ಹಾಕಿದರು.

ಶಿವಮಲ್ಲು ಸಹಿಯನ್ನು ನೋಡಿದ, ಅವರನ್ನು ನೋಡಿದ. ಬೆಳಗಿನಿಂದ ಎದೆಯಲ್ಲಿ ಕೂತಿದ್ದ ಕಲ್ಲು ಕರಗಿ ಕಣ್ಣಿಗೆ ಬಂತು.

“ಮೇಡಂ, ನಾನು ಆರು ವಾರ ಸುಳ್ಳು ಬರೆದಿದ್ದೀನಿ. ಆರು ವಾರ!”

ದೇವೀರಮ್ಮ ಪೆನ್ನಿನ ಮುಚ್ಚಳ ಹಾಕಿ ಪುಸ್ತಕವನ್ನು ಅವನ ಕೈಗಿಟ್ಟರು.

“ನನ್ನ ಇಪ್ಪತ್ತುಗಳನ್ನ ಒಪ್ಕೊಳ್ಳೋಕೆ ನಾನು ನಾಲ್ಕು ವರ್ಷ ತಗೊಂಡಿದ್ದೆ ಕಣಪ್ಪ. ನಡಿ, ಬಸ್ಸು ಬಂತು.”