ಆಚೆ ಬಾವಿಯ ಗೆಳೆಯ

ಮೆಟ್ಟಿಲು ಬಾವಿಯೊಂದರಲ್ಲಿ ಕಪ್ಪೆಯೂ ಆಮೆಯೂ ಒಟ್ಟಿಗೆ ವಾಸವಾಗಿದ್ದವು. ಕಪ್ಪೆ ದಿನವೂ ಸಂಜೆ ಆಚೆ ಹೊಲದ ಬಾವಿಯಲ್ಲಿದ್ದ ಇನ್ನೊಂದು ಕಪ್ಪೆಯೊಡನೆ ಕೂಗಿ ಮಾತಾಡುತ್ತಿತ್ತು. ನೀರು ಎಷ್ಟು ಇಳಿಯಿತು, ಯಾವ ಹುಳ ರುಚಿ, ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದವು. ಒಂದನ್ನೊಂದು ಕಂಡದ್ದು ಮಾತ್ರ ಇಲ್ಲ.

"ಮುಖ ನೋಡದವನು ಎಂಥ ಗೆಳೆಯ?" ಎಂದಿತು ಆಮೆ. "ಆಪತ್ತಿಗೆ ಆಗುವವನು ಪಕ್ಕದಲ್ಲಿರುವವನೇ, ತಮ್ಮ. ನಾನಿಲ್ಲವೇ?"

"ಇದ್ದೀಯ, ಆಮೆಯಣ್ಣ. ಅವನೂ ಇದ್ದಾನೆ" ಎಂದಿತು ಕಪ್ಪೆ.

ಒಂದು ಸಂಜೆ ಹಾವೊಂದು ಕಪ್ಪೆಯ ದನಿಯ ಜಾಡು ಹಿಡಿದು ಮೆಟ್ಟಿಲು ಇಳಿಯಿತು. ಕಪ್ಪೆ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಕಲ್ಲಿನ ಸಂದಿಯಲ್ಲಿ ಅಡಗಿತು. ಆಮೆ ತಲೆಯನ್ನೂ ಕಾಲುಗಳನ್ನೂ ಚಿಪ್ಪಿನೊಳಕ್ಕೆ ಎಳೆದುಕೊಂಡಿತು. ಹಾವು ಒಂದೊಂದೇ ಸಂದಿಯನ್ನು ಮೂಸುತ್ತ ಬಂತು.

ಗೆಳೆಯ ಮಾತಿನ ನಡುವೆ ಸುಮ್ಮನಾಗುವವನಲ್ಲ, ಹಾವೇ ಬಂದಿರಬೇಕು ಎಂದು ಆಚೆ ಬಾವಿಯ ಕಪ್ಪೆಗೆ ಹೊಳೆಯಿತು. ಅದು ಬಾವಿಕಟ್ಟೆ ಹತ್ತಿ ಗಂಟಲು ಹರಿಯುವಂತೆ ಕೂಗತೊಡಗಿತು. ತಾನಾಗಿ ಕರೆಯುವ ಊಟವಿರುವಾಗ ಅಡಗಿದ್ದನ್ನು ಹುಡುಕುವುದೇಕೆ ಎಂದು ಹಾವು ಅತ್ತ ಹೊರಟಿತು. ಅದು ಅರ್ಧ ದಾರಿ ಹೋಗುವಷ್ಟರಲ್ಲಿ ಈಚೆಯ ಕಪ್ಪೆ ಕೂಗಿತು, ಆಚೆಯದು ಸುಮ್ಮನಾಯಿತು. ಹಾವು ತಿರುಗಿತು. ಮತ್ತೆ ಆಚೆಯಿಂದ ಕೂಗು. ಹೀಗೆ ಹೊಲದಲ್ಲಿ ಅಲೆದಲೆದು ಸೋತ ಹಾವು ಇಲಿಯ ಬಿಲವೊಂದನ್ನು ಹೊಕ್ಕು ಮಲಗಿತು.

ಆಮೆ ಮೆಲ್ಲಗೆ ತಲೆ ಹೊರಗಿಟ್ಟಿತು. "ಹೋಯಿತೇ? ಅಂತೂ ಬದುಕಿದೆವು. ಆದರೂ ಒಂದು ಮಾತು, ತಮ್ಮ. ಅವನ ಮುಖವನ್ನು ನೀನಿನ್ನೂ ಕಂಡಿಲ್ಲ."

"ಕಂಡಿಲ್ಲ, ಅಣ್ಣ" ಎಂದಿತು ಕಪ್ಪೆ. "ಹಾವು ಬಂದಾಗ ನಿನ್ನ ಮುಖವೂ ಕಾಣಲಿಲ್ಲ."