ಮಂಕರಿಬಂಡೆ

ಬಿಳಿಕಲ್ಲಹಟ್ಟಿಯ ಪಡುವಣಕ್ಕಿರುವ ಬೋಳುಬಂಡೆಯ ನೆತ್ತಿಯಲ್ಲಿ, ಬಂಡೆಮ್ಮನ ಗುಡಿಯ ಮುಂದೆ, ಬಿದಿರಿನ ಮಂಕರಿಗಳು ಬೋರಲು ಬಿದ್ದಿವೆ. ಕೋಳಿಮರಿಗಳ ಮೇಲೆ ಮುಚ್ಚುವಂಥ ಬುಟ್ಟಿಗಳೇ. ಆದರೆ ಒಳಗೆ ಕೋಳಿಯೂ ಇಲ್ಲ, ಮರಿಯೂ ಇಲ್ಲ. ಹೊಸದಾಗಿ ಬಂದವರು ಎತ್ತಿ ನೋಡಿ, ಏನೂ ಕಾಣದೆ ಹಾಗೆಯೇ ಇಡುತ್ತಾರೆ. ಮೇಲೆ ಹದ್ದುಗಳು ಸುತ್ತುತ್ತಿರುತ್ತವೆ. ಸುತ್ತಲ ಯಾವ ಊರಲ್ಲೂ ಕಾಣದಷ್ಟು ಹದ್ದುಗಳು ಇಲ್ಲಿ ಉಳಿದದ್ದಕ್ಕೂ ಈ ಮಂಕರಿಗಳಿಗೂ ನಂಟಿದೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಗುಡಿಯ ಪೂಜೆ ಓಬಯ್ಯನದಾಗಿತ್ತಂತೆ. ಆಗ ಮನೆಗೊಂದು ಹೇಂಟೆಯನ್ನು ಅಮ್ಮನಿಗೆ ಮೀಸಲು ಬಿಡುವ ವಾಡಿಕೆ. ಮೀಸಲು ಕೋಳಿಯನ್ನೂ ಅದರ ಮರಿಗಳನ್ನೂ ಮುಚ್ಚಿಡಬಾರದು, ಅಮ್ಮನೇ ಕಾಯುತ್ತಾಳೆ ಎಂಬುದು ಊರವರ ನಂಬಿಕೆ. ಬಯಲಲ್ಲಿ ಮೇಯುವ ಮರಿಯನ್ನು ಹದ್ದು ಬಿಟ್ಟೀತೆ? ಎತ್ತಿದೊಡನೆ ‘ದೇವರ ಸೊತ್ತು ಕದ್ದಿತು’ ಎಂದು ತಳವಾರ ಕರಿಯಣ್ಣ ಕೋವಿ ಹಿಡಿಯುವನು. ಹೊಡೆದ ಹದ್ದಿನ ರೆಕ್ಕೆ ಬಿಡಿಸಿ ಊರಬಾಗಿಲಿಗೆ ಕಟ್ಟಿದರೆ ಹೋಗುವವರು ಬರುವವರೆಲ್ಲ ಅವನ ಗುರಿಯನ್ನು ಹೊಗಳುವರು. ಆ ಹೊಗಳಿಕೆಯ ರುಚಿಗೆ, ಮರಿ ಮುಟ್ಟದ ಹದ್ದುಗಳೂ ಬೀಳತೊಡಗಿದವು. ಇತ್ತ ಹಿಡಿಯುವ ಹದ್ದಿಲ್ಲದೆ ಹೆಗ್ಗಣಗಳು ಹೆಚ್ಚಿ, ನೆಲದೊಳಗೆ ರಾಗಿ ತುಂಬಿಡುವ ಹಗೇವುಗಳನ್ನೇ ಕೊರೆದವು. ಹದ್ದು ಹೊಡೆಯಬೇಡಿ ಎಂದು ಓಬಯ್ಯ ಹೇಳಿ ಹೇಳಿ ಸೋತ. ಕಡೆಗೆ ಬಂಡೆಯ ಬಿರುಕಿನ ಗೂಡಿನಲ್ಲಿ ಒಂದೇ ಜೋಡಿ ಉಳಿದಾಗ, ಅದನ್ನೂ ಮುಗಿಸಲು ಊರಿಗೆ ಊರೇ ಬಂಡೆ ಹತ್ತಿತು.

“ಅಮ್ಮನಿಗೆ ಬಿಟ್ಟ ಕೋಳೀನ ನೀವು ಕಾಯಬೇಕೋ, ನಿಮ್ಮ ಕೋಳೀನ ಅಮ್ಮ ಕಾಯಬೇಕೋ?” ಎಂದು ಓಬಯ್ಯ ಅಡ್ಡ ನಿಂತ. “ಕೋವಿಗೆ ಮದ್ದು ಕುಟ್ಟೋಕೆ ಹುರುಪು, ಒಂದು ಮಂಕರಿ ಹೆಣೆಯೋಕೆ ಮೈಗಳ್ಳತನ!”

“ಮೀಸಲು ಮುರಿದ ಪಾಪ ಯಾರ ತಲೆಗೆ, ಪೂಜಾರಪ್ಪ?” ಎಂದ ಕರಿಯಣ್ಣ.

“ನನ್ನ ತಲೆಗೇ ಕಟ್ಟು ಹೋಗು. ಮೊದಲು ಮುಚ್ಚಿ. ಮುಚ್ಚಿದ ಮೇಲೂ ಹದ್ದು ಒಯ್ದರೆ, ಆ ಮಂಕರೀನ ತಂದು ಅಮ್ಮನ ಮುಂದಿಡಿ. ಗೂಡು ನಾನೇ ತೋರಿಸ್ತೀನಿ.”

ಸಿಟ್ಟಿನಲ್ಲಿ ಬಂದ ಮಾತು. ದೇವಿಯ ಎದುರು ಆಡಿದ್ದರಿಂದ ಹಿಂತೆಗೆಯುವಂತಿರಲಿಲ್ಲ. ಅಂದಿನಿಂದ ಓಬಯ್ಯನಿಗೆ ಅನ್ನ ಇಳಿಯಲಿಲ್ಲ. ಊರವರು ಇಳಿದುಹೋಗಿ ಮರಿಗಳನ್ನು ಮುಚ್ಚತೊಡಗಿದರು; ಹದಿನೈದು ದಿನ ಯಾರೂ ದೂರು ತರಲಿಲ್ಲ. ಹದಿನಾರನೆಯ ಬೆಳಗ್ಗೆ ತಿಪ್ಪಕ್ಕನೆಂಬವಳು ಮಂಕರಿಯನ್ನು ಸೊಂಟಕ್ಕಿಟ್ಟು ಬಂದಳು. “ಮುಚ್ಚಿದ್ದೆ ಕಣಪ್ಪಾ, ಮೇಲೆ ಕಲ್ಲೂ ಹೇರಿದ್ದೆ. ಆದ್ರೂ ಮೂರು ಮರಿ ಹೋದವು!” ಅವಳ ಹಿಂದೆಯೇ ಕರಿಯಣ್ಣ ಕೋವಿಯ ಬತ್ತಿಗೆ ಕಿಡಿ ಹೊತ್ತಿಸಿಕೊಂಡೇ ಬಂದಿದ್ದ.

 ಓಬಯ್ಯ ಮಂಕರಿಯನ್ನು ಇಸಿದುಕೊಂಡು, ಅಂಚನ್ನು ಬೆರಳಿನಿಂದ ಸುತ್ತ ಸವರುತ್ತ ಬಂದ. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಬಿದಿರು ಕಚ್ಚಿಕಚ್ಚಿ ಹೋಗಿ, ಹೆಗ್ಗಣ ನುಸುಳುವಷ್ಟು ತೂತು. ಮಂಕರಿಯನ್ನು ಅವನು ತಳವಾರನ ಮೂಗಿಗೇ ಹಿಡಿದ.

“ಹದ್ದಿಗೆ ಹಲ್ಲು ಯಾವಾಗ ಬಂದವು, ಕರಿಯಣ್ಣಾ?”

ಮೊದಲು ನಕ್ಕವಳು ತಿಪ್ಪಕ್ಕನೇ. ಕರಿಯಣ್ಣ ಎರಡು ಬೆರಳಲ್ಲಿ ಬತ್ತಿಯನ್ನು ಹೊಸಕಿ, ತಲೆ ತಗ್ಗಿಸಿ ಇಳಿದುಹೋದ. ಓಬಯ್ಯ ಆ ಮಂಕರಿಯನ್ನು ಬಂಡೆಯ ಮೇಲೆ ಬೋರಲು ಹಾಕಿದ.

ಇವತ್ತಿಗೂ ಹದ್ದಿನ ಮೇಲೆ ದೂರು ಹೊತ್ತು ಬರುವವರಿಗೆ ಬರವಿಲ್ಲ. ಪೂಜಾರಿ ಕುಂಕುಮ ಕೊಡುವ ಮೊದಲೇ “ಮಂಕರಿ ಎಲ್ಲಿ?” ಎನ್ನುತ್ತಾನೆ. ಬಹಳ ಮಂದಿ ಅಲ್ಲಿಂದಲೇ ಇಳಿದುಬಿಡುತ್ತಾರೆ. ತಂದವರ ಮಂಕರಿಗಳು ಅಲ್ಲೇ ಉಳಿಯುತ್ತವೆ. ಬಂದವರು ಒಳಗೇನಿದೆಯೆಂದು ಎತ್ತಿ ನೋಡುವುದಲ್ಲ, ಬಗ್ಗಿ ಅಂಚು ನೋಡಬೇಕು. ಒಂದೊಂದರಲ್ಲೂ ಹಲ್ಲಿನ ಗುರುತಿದೆ.