ಬಿಸಿ ಮಿರ್ಚಿಯ ವೆಚ್ಚ

ನೀಲವ್ವನ ಮೇಲೆ ನನಗೆ ಹೊಟ್ಟೆಕಿಚ್ಚು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ಹೈಸ್ಕೂಲು ಮಾಸ್ತರರಿಗೆ ಅರ್ಥಶಾಸ್ತ್ರದ ತರಬೇತಿ ಕೊಡುವವನು. ಅವಳು ಆ ತರಬೇತಿಗೆ ಚಹಾ ಕಾಸುವವಳು.

ಆದರೆ ನನ್ನ ಎರಡು ತಾಸಿನ ಪಾಠದಲ್ಲಿ ಆಕಳಿಸುತ್ತಿದ್ದ ಮಾಸ್ತರರು, ಚಹಾದ ಹೊತ್ತಿಗೆ ಅವಳ ಸುತ್ತ ನಿಂತು, "ನೀಲವ್ವಕ್ಕ, ಸರ ಹೇಳಿದ್ದು ಏನು?" ಅಂತ ಕೇಳುತ್ತಿದ್ದರು. ಹನ್ನೊಂದು ವರ್ಷ ಬಾಗಿಲಲ್ಲಿ ನಿಂತು ಇಂಥ ಪಾಠ ಕೇಳಿದವಳು, ಒಂದೇ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ಅವರು ಅದನ್ನು ಬರೆದುಕೊಳ್ಳುತ್ತಿದ್ದರು! ನನ್ನ ಪಾಠವನ್ನು ಒಬ್ಬನೂ ಬರೆದುಕೊಂಡಿರಲಿಲ್ಲ.

ಮೂರನೆಯ ದಿನ ತಡೆಯಲಾಗಲಿಲ್ಲ. ಎಲ್ಲರೆದುರು ಅವಳನ್ನು ಕರೆದೆ.

"ಅಷ್ಟು ಜಾಣೆಯಾದರೆ, ಅವಕಾಶ ವೆಚ್ಚ ಅಂದರೇನು ಅಂತ ನೀನೇ ಕಲಿಸು. ಆಗದಿದ್ದರೆ ಇನ್ನು ಅಡುಗೆಮನೆ ಬಿಟ್ಟು ಈಚೆ ಬರಕೂಡದು."

ಅವಳು ಒಳಗೆ ಹೋಗಿ ತಟ್ಟೆಯೊಂದನ್ನು ತಂದು ನನ್ನ ಮುಂದಿಟ್ಟಳು. ಆಗತಾನೇ ಕರಿದ ಮಿರ್ಚಿ ಭಜಿ.

"ಸರ, ಪಾಠ ಮುಂದುವರಿಸಿದ್ರ ಇವು ಆರ್ತಾವ್ರಿ. ಇವನ್ನ ತಿಂದ್ರ ಪಾಠ ನಿಲ್ತೈತ್ರಿ. ಯಾವುದು ಬೇಕ್ರಿ?"

ನಾನು ಪುಸ್ತಕ ನೋಡಿದೆ. ತಟ್ಟೆ ನೋಡಿದೆ. ಪುಸ್ತಕ ಮುಚ್ಚಿದೆ.

ಅವಳು ಮಾಸ್ತರರ ಕಡೆ ತಿರುಗಿದಳು. "ಒಂದನ್ನ ಆರಿಸ್ಕೊಂಡಾಗ ಕೈಬಿಟ್ಟಿದ್ದು ಏನೈತಿ, ಅದೇ ಅದರ ವೆಚ್ಚರಿ. ಸರ ಕೈಬಿಟ್ಟಿದ್ದು ಅವರ ಪಾಠ."

ಎಲ್ಲರೂ ಬರೆದುಕೊಂಡರು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೇಳಿದ: "ಹಂಗಾದ್ರ ಸರಗೆ ಈ ಮಿರ್ಚಿ ಎಷ್ಟಕ್ಕ ಬಿದ್ವು, ಅಕ್ಕಾ?"

ನೀಲವ್ವ ನನ್ನ ಮುಚ್ಚಿದ ಪುಸ್ತಕವನ್ನು ಒಮ್ಮೆ ನೋಡಿದಳು.

"ಪುಕ್ಕಟೆ ಬಿದ್ದಾವ್ರಿ," ಅಂದಳು.

ಅದನ್ನೂ ಬರೆದುಕೊಂಡರು.